ನಿರ್ಹೇತುಕ ಪ್ರೇಮ: ಕ್ರೈಸ್ತ ಚಿಂತನೆಯ ‘ಅಗಾಪೆ’

ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತ ಈ ಶಾಲೆಯ ಸುವರ್ಣ ಸಂಚಿಕೆಯಲ್ಲಿ, ನೆರೆಮನೆಯ ಧರ್ಮದ ಮೂಲ ಪರಿಕಲ್ಪನೆಯೊಂದನ್ನು ವಿವರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಪ್ರೀತಿಯ ಬಗೆಗಳಿಗೆ ಗ್ರೀಕ್ ಭಾಷೆಯಲ್ಲಿ ಬೇರೆ ಬೇರೆ ಹೆಸರುಗಳಿವೆ. ಸೆಳೆತದಿಂದ ಹುಟ್ಟುವ ಪ್ರಣಯ ‘ಏರೋಸ್’, ಗೆಳೆತನ ‘ಫಿಲಿಯಾ’, ಮನೆಮಂದಿಯ ವಾತ್ಸಲ್ಯ ‘ಸ್ಟೋರ್ಗೆ’. ಗ್ರೀಕಿನಲ್ಲಿ ರಚಿತವಾದ ಹೊಸ ಒಡಂಬಡಿಕೆಯಲ್ಲಿ ದೇವರ ಪ್ರೀತಿಯನ್ನು ಹೇಳಲು ಮುಖ್ಯವಾಗಿ ಬಳಕೆಯಾದುದು ‘ಅಗಾಪೆ’ ಎಂಬ ಪದ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯ ಇದರ ವರ್ಣನೆಗೇ ಮೀಸಲಾಗಿದೆ.

ನಮಗೆ ಪರಿಚಿತವಾದ ‘ನಿರ್ಹೇತುಕ’ ಎಂಬ ಮಾತು ಇದಕ್ಕೆ ಹತ್ತಿರವೆಂದು ನನ್ನ ಅನಿಸಿಕೆ. ಸ್ನೇಹಕ್ಕೆ ಗುಣ ಕಾರಣ, ವಾತ್ಸಲ್ಯಕ್ಕೆ ಸಂಬಂಧ ಕಾರಣ. ಅಗಾಪೆಯಾದರೋ ಎದುರಿಗಿರುವವನ ಯೋಗ್ಯತೆಯನ್ನು ತೂಗಿ ನೋಡುವುದಿಲ್ಲ. ಆದುದರಿಂದಲೇ ಶತ್ರುವನ್ನೂ ಪ್ರೀತಿಸಬೇಕೆಂದು ಯೇಸು ವಿಧಿಸಲು ಸಾಧ್ಯವಾಯಿತು. ಭಾವನೆಯನ್ನು ಆಜ್ಞೆಯಿಂದ ಹುಟ್ಟಿಸಲಾಗದು. ಇನ್ನೊಬ್ಬರ ಹಿತವನ್ನು ಬಯಸಿ ನಡೆಯುವ ಸಂಕಲ್ಪವನ್ನು ಮಾತ್ರ ಯಾರಾದರೂ ಕೈಗೊಳ್ಳಬಹುದು.

ಈ ಕುರಿತು ಭಿನ್ನಮತವೂ ಉಂಟು. ಸ್ವೀಡನ್ನಿನ ದೇವತಾಶಾಸ್ತ್ರಜ್ಞ ಆಂಡರ್ಸ್ ನೀಗ್ರೆನ್ 1930ರ ದಶಕದಲ್ಲಿ ಏರೋಸ್ ಮತ್ತು ಅಗಾಪೆ ಪರಸ್ಪರ ವಿರುದ್ಧವೆಂದು ವಾದಿಸಿದರು. ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಅವೆರಡನ್ನೂ ಪೂರ್ಣವಾಗಿ ಬೇರ್ಪಡಿಸಲಾಗದೆಂದರು: ಕೊಡುವವನು ಪಡೆಯುವವನೂ ಆಗಿರಬೇಕು, ಇಲ್ಲವಾದರೆ ಅವನ ಒರತೆ ಬತ್ತುತ್ತದೆ.

ತರ್ಕಕ್ಕಿಂತ ನಿದರ್ಶನ ಸ್ಪಷ್ಟ. 1941ರಲ್ಲಿ ಆಶ್ವಿಟ್ಜ್ ಸೆರೆಶಿಬಿರದಿಂದ ಕೈದಿಯೊಬ್ಬನು ತಪ್ಪಿಸಿಕೊಂಡನೆಂದು ನಾಜಿ ಅಧಿಕಾರಿಗಳು ಹತ್ತು ಮಂದಿಯನ್ನು ಹಸಿವಿನಿಂದ ಸಾಯಿಸಲು ಆರಿಸಿದರು. ಅವರಲ್ಲೊಬ್ಬನಾದ ಫ್ರಾನ್ಸಿಶೆಕ್ ಗಾಯೊವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟಾಗ, ಬಂಧುವೂ ಅಲ್ಲದ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಆತನ ಬದಲು ತಾನು ಸಾಯುವೆನೆಂದು ಮುಂದೆ ಬಂದರು. ಆಗಸ್ಟ್ 14ರಂದು ಹತರಾದರು. 1982ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಗಾಯೊವ್ನಿಚೆಕ್ ಅಲ್ಲಿದ್ದರು; ಅವರು 1995ರವರೆಗೆ ಬದುಕಿದರು.

ಆ ಮನುಷ್ಯನು ತನ್ನ ಪ್ರಾಣಕ್ಕೆ ತಕ್ಕವನೇ ಎಂದು ಕೋಲ್ಬೆ ವಿಚಾರಿಸಲಿಲ್ಲ. ‘ಇವನು ನಮ್ಮವನೇ?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಇವನಿಗೆ ಏನು ಬೇಕು?’ ಎಂದು ಕೇಳುವುದೇ ಅಗಾಪೆಯೆಂದು ನಾನು ತಿಳಿದಿದ್ದೇನೆ. ಹಲವು ನುಡಿ, ಹಲವು ಮತಗಳ ನಡುವೆ ಬಾಳುವ ಗಡಿನಾಡಿನ ನಮಗೆ ಈ ಪ್ರಶ್ನೆ ನಿತ್ಯದ್ದು.