ಆಸ್ಪತ್ರೆಗೆ ತಂತ್ರಾಂಶ: ಕೊಳ್ಳುವ ಮುನ್ನ ಎಣಿಸಿ

ರೋಗಿಯ ನಾಡಿಬಡಿತ, ಉಷ್ಣತೆ, ರಕ್ತಪರೀಕ್ಷೆಯ ಅಂಕಿಗಳನ್ನು ಪಡೆದು 'ಅಪಾಯವಿದೆ' ಎಂದು ವೈದ್ಯರನ್ನು ಎಚ್ಚರಿಸುವ ತಂತ್ರಾಂಶಗಳು ಇಂದು ಅನೇಕ ಆಸ್ಪತ್ರೆಗಳಲ್ಲಿವೆ. ಇವುಗಳನ್ನು ಕೊಳ್ಳುವ ಆಡಳಿತ ಮಂಡಳಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ಶೇಕಡ ಎಷ್ಟು ನಿಖರ?' ಅದೊಂದೇ ಏಕೆ ಸಾಲದು? ಒಂದು ಉದಾಹರಣೆಯನ್ನು ನೋಡೋಣ.

ಸೋಂಕಿಗೆ ದೇಹ ತೋರುವ ಹತೋಟಿ ಮೀರಿದ ಪ್ರತಿಕ್ರಿಯೆಯಿಂದ ಅಂಗಗಳು ಹಾನಿಗೊಳ್ಳುವ ಸ್ಥಿತಿಯೇ ಸೆಪ್ಸಿಸ್. ಚಿಕಿತ್ಸೆ ತಡವಾದರೆ ಪ್ರಾಣಾಪಾಯ. ಇದನ್ನು ಮೊದಲೇ ಸೂಚಿಸಲು ಎಪಿಕ್ ಎಂಬ ಕಂಪನಿ ರೂಪಿಸಿದ ತಂತ್ರಾಂಶ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಆಸ್ಪತ್ರೆಯ 2018–19ರ 38,455 ದಾಖಲಾತಿಗಳ ಮೇಲೆ ಅದನ್ನು ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಇದ್ದದ್ದು 2,552 ದಾಖಲಾತಿಗಳಲ್ಲಿ. ತಂತ್ರಾಂಶ 6,971 ದಾಖಲಾತಿಗಳಲ್ಲಿ ಎಚ್ಚರಿಕೆ ನೀಡಿತು. ಆದರೂ 1,709 ಸೆಪ್ಸಿಸ್ ಪ್ರಕರಣಗಳು ಅದರ ಕಣ್ತಪ್ಪಿದವು.

ಈಗ ಲೆಕ್ಕ ಹಾಕಿ. ಪತ್ತೆಯಾದವು 2,552 – 1,709 = 843, ಅಂದರೆ ಶೇ. 33. ಒಟ್ಟು 6,971 ಎಚ್ಚರಿಕೆಗಳಲ್ಲಿ ನಿಜವಾದವು ಈ 843, ಅಂದರೆ ಶೇ. 12. ಎಂಟರಲ್ಲಿ ಏಳು ಹುಸಿ! 'ತೋಳ ಬಂತು ತೋಳ' ಕತೆಯಂತೆ, ನಿಜವಾದ ಕರೆಗೂ ಕಿವಿಗೊಡದ ಸ್ಥಿತಿ ಇದರಿಂದ ಬಂದೀತು.

ಇನ್ನೊಂದು ಸ್ವಾರಸ್ಯವಿದೆ. ಸರಿ ಉತ್ತರಗಳನ್ನಷ್ಟೇ ಎಣಿಸಿದರೆ ಈ ತಂತ್ರಾಂಶದ ನಿಖರತೆ ಸುಮಾರು ಶೇ. 80. 'ಯಾರಿಗೂ ಸೆಪ್ಸಿಸ್ ಇಲ್ಲ' ಎಂದಷ್ಟೇ ಹೇಳುವ ನಿರುಪಯೋಗಿ ತಂತ್ರಾಂಶದ ನಿಖರತೆ ಶೇ. 93! ಆದ್ದರಿಂದ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಬೇಕು: ರೋಗವಿದ್ದವರಲ್ಲಿ ಎಷ್ಟು ಜನರನ್ನು ಗುರುತಿಸಿತು? ಎಚ್ಚರಿಕೆಗಳಲ್ಲಿ ಎಷ್ಟು ನಿಜ?

ಎರಡನೆಯ ಅಂಕಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಮೇಲಿನ ಲೆಕ್ಕದಲ್ಲಿ ರೋಗವಿಲ್ಲದವರ ಪೈಕಿ ಸುಮಾರು ಶೇ. 17ರಷ್ಟು ಜನರಿಗೆ ಹುಸಿ ಎಚ್ಚರಿಕೆ ಬಂದಿದೆ. ಇದೇ ತಂತ್ರಾಂಶವನ್ನು 10,000 ರೋಗಿಗಳಲ್ಲಿ 100 ಮಂದಿಗೆ ಮಾತ್ರ ಸೆಪ್ಸಿಸ್ ಇರುವಲ್ಲಿ ಬಳಸಿದರೆ, ನಿಜ ಎಚ್ಚರಿಕೆ 33, ಹುಸಿ ಎಚ್ಚರಿಕೆ 1,683. ತಂತ್ರಾಂಶ ಬದಲಾಗಿಲ್ಲ, ರೋಗದ ಪ್ರಮಾಣ ಬದಲಾಗಿದೆ, ಅಷ್ಟೆ.

ಪ್ರಯೋಗಾಲಯಕ್ಕೆ ಹೊಸ ವೋಲ್ಟ್‌ಮೀಟರ್ ಬಂದರೆ, ಮೌಲ್ಯ ತಿಳಿದಿರುವ ಕೋಶಕ್ಕೆ ಜೋಡಿಸಿ ತಾಳೆ ನೋಡುತ್ತೇವೆ. ಆಸ್ಪತ್ರೆಯೂ ಹಾಗೆಯೇ, ಫಲಿತಾಂಶ ತಿಳಿದಿರುವ ತನ್ನದೇ ಹಳೆಯ ದಾಖಲೆಗಳ ಮೇಲೆ ತಂತ್ರಾಂಶವನ್ನು ಮೊದಲು ಓಡಿಸಬೇಕು. ಎಪಿಕ್ ಕಂಪನಿಯೂ 2022ರಲ್ಲಿ ತನ್ನ ಮಾದರಿಯನ್ನು ಪರಿಷ್ಕರಿಸಿ, ಬಳಸುವ ಮುನ್ನ ಆಯಾ ಆಸ್ಪತ್ರೆಯ ದತ್ತಾಂಶದಿಂದಲೇ ಅದಕ್ಕೆ ತರಬೇತಿ ನೀಡುವಂತೆ ಸಲಹೆ ಮಾಡಿತು. ಇಂಥ ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ತಂತ್ರಾಂಶ ಕೊಳ್ಳದಿರುವುದೇ ಲೇಸು.