ಗಡಿಯಾರದಲ್ಲಿ 30 ಗಂಟೆ, ಆಗಸದಲ್ಲಿ 17: ವಿಮಾನಯಾನದ ಲೆಕ್ಕ ಹೀಗೆ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ಮೇಲೆ ಹಾದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ ಅದನ್ನು ನಡೆಸಿದ್ದರು. ದಿನಾಂಕ ನೋಡಿದರೆ ಒಂದೂವರೆ ದಿನದ ಪ್ರಯಾಣವೆನಿಸುತ್ತದೆ. ಆದರೆ ಹಾರಾಟದ ಅವಧಿ ಸುಮಾರು 17 ಗಂಟೆ ಮಾತ್ರ. ಈ ವ್ಯತ್ಯಾಸ ತಿಳಿಯದಿದ್ದರೆ ಬಂಧುಗಳನ್ನು ಕರೆತರಲು ಹೋದವರು ಒಂದು ದಿನ ಮೊದಲೇ ದೇವನಹಳ್ಳಿ ತಲುಪಿ ಕಾಯಬೇಕಾದೀತು.

ದೂರ ಎಷ್ಟು?

ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಈ ಎರಡು ನಗರಗಳ ನಡುವೆ ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದರೆ, ಆ ದಾರಿ 16,000 ಕಿ.ಮೀ. ಮೀರುತ್ತದೆ. ಭೂಮಿ ಗುಂಡಗಿರುವುದರಿಂದ ಆ ಗೆರೆ ಅತಿ ಹತ್ತಿರದ ಮಾರ್ಗವಲ್ಲ. ಭೂಗೋಳದ ಮಾದರಿಯ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ಹಿಡಿದರೆ ಅದು ಅಲಾಸ್ಕಾ, ಸೈಬೀರಿಯಾಗಳ ಮೇಲೆ ಸಾಗುತ್ತದೆ. ಇದೇ ಮಹಾವೃತ್ತ ಮಾರ್ಗ. ಅಕ್ಷಾಂಶ, ರೇಖಾಂಶಗಳಿಂದ ಲೆಕ್ಕಹಾಕಿದಾಗ ಭೂಕೇಂದ್ರದಲ್ಲಿ ಎರಡೂ ನಿಲ್ದಾಣಗಳ ನಡುವಿನ ಕೋನ 125.8 ಡಿಗ್ರಿ. ಪ್ರತಿ ಡಿಗ್ರಿಗೆ 111.2 ಕಿ.ಮೀ.ನಂತೆ ದೂರ ಸುಮಾರು 14,000 ಕಿ.ಮೀ. ಧ್ರುವದ ಮೇಲೆಯೇ ಹಾರಿದರೆ ಹೆಚ್ಚುವುದು 400 ಕಿ.ಮೀ.ಗೂ ಕಡಿಮೆ.

ಸಮಯ ಎಷ್ಟು?

ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅದರಂತೆ ಈ ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವು ಲೆಕ್ಕವನ್ನು ಬದಲಿಸುತ್ತದೆ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಎದುರುಗಾಳಿಯಿದ್ದರೆ ಹದಿನೇಳೂವರೆ ಗಂಟೆ ಬೇಕು. ಅಷ್ಟೇ ಗಾಳಿ ಹಿಂದಿನಿಂದ ಬೀಸಿದರೆ 14 ಗಂಟೆ ಸಾಕು. ಇಂಧನದ ಖರ್ಚೂ ಇದನ್ನೇ ಅವಲಂಬಿಸಿದೆ.

ವಾಯುಪ್ರದೇಶದ ನಿರ್ಬಂಧವೂ ಮುಖ್ಯ. 2022ರಲ್ಲಿ ರಷ್ಯಾ ತನ್ನ ಆಗಸವನ್ನು ಐರೋಪ್ಯ ಒಕ್ಕೂಟದ ವಿಮಾನಗಳಿಗೆ ಮುಚ್ಚಿದ ಬಳಿಕ, ಫಿನ್ಏರ್ ಸಂಸ್ಥೆಯ ಹೆಲ್ಸಿಂಕಿ-ಟೋಕಿಯೊ ಪ್ರಯಾಣ ಸುಮಾರು 9 ಗಂಟೆಯಿಂದ 13 ಗಂಟೆಗೆ ಏರಿತು. ನಗರಗಳ ದೂರ ಬದಲಾಗಲಿಲ್ಲ, ದಾರಿ ಬದಲಾಯಿತು.

ಗಡಿಯಾರದ ಗೊಂದಲ

ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗಿನ ಅಂತರ ಹನ್ನೆರಡೂವರೆ ಗಂಟೆ.

ಚಳಿಗಾಲದ ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಡುವಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಅದಕ್ಕೆ 17 ಗಂಟೆ ಕೂಡಿಸಿದರೆ ಇಳಿಯುವ ಹೊತ್ತು ಸೋಮವಾರ ನಸುಕಿನ 3. ಗಡಿಯಾರದಲ್ಲಿ ಕಾಣುವ ಮೂವತ್ತೂವರೆ ಗಂಟೆಯಲ್ಲಿ ಹದಿಮೂರೂವರೆ ಗಂಟೆ ಕೇವಲ ಕಾಲವಲಯದ ಅಂತರ. ಇದಕ್ಕೆ ವಿರುದ್ಧವಾಗಿ, ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತಾರೆ.

ಟಿಕೆಟ್‌ನಲ್ಲಿ ಮುದ್ರಿತವಾಗುವುದು ಆಯಾ ಊರಿನ ಸ್ಥಳೀಯ ಸಮಯ. ಹೊರಡುವ ಸಮಯವನ್ನು ಮೊದಲು ಭಾರತೀಯ ಕಾಲಮಾನಕ್ಕೆ ಬದಲಿಸಿ, ಬಳಿಕ ಹಾರಾಟದ ಅವಧಿಯನ್ನು ಕೂಡಿಸಿದರೆ ದಿನ ತಪ್ಪುವ ಸಂಭವವಿಲ್ಲ.