ತಂತಿಯಿಲ್ಲದ ಯಂತ್ರಗಳೂ ಬ್ಯಾಟರಿಯ ಬೆಂಕಿಯೂ

ಪಶ್ಚಿಮಘಟ್ಟದ ತಪ್ಪಲಿನಲ್ಲಿ ಅಡಿಕೆ, ರಬ್ಬರ್ ತೋಟಗಳನ್ನು ನೆಚ್ಚಿ ಬಾಳುತ್ತಿರುವ ಸುಳ್ಯ ತಾಲೂಕಿನ ಕೊಲ್ಲಮೊಗ್ರುವಿನಂತಹ ಗ್ರಾಮಗಳಲ್ಲಿ, ಆಳುಗಳು ದೊರೆಯುವುದೇ ದುಸ್ತರವಾಗಿರುವ ಈ ಕಾಲದಲ್ಲಿ, ಹುಲ್ಲು ಹೆರೆಯುವುದಕ್ಕೂ ಗೆಲ್ಲು ಕೊಯ್ಯುವುದಕ್ಕೂ ಮದ್ದು ಬಿಡುವುದಕ್ಕೂ ಬ್ಯಾಟರಿಯಿಂದ ನಡೆಯುವ ಯಂತ್ರಗಳು ಒದಗಿರುವುದು ಕೃಷಿಕನಿಗೆ ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಗಲೆಲ್ಲ ತೋಟದಲ್ಲಿ ದುಡಿದ ಬ್ಯಾಟರಿಯನ್ನು ರಾತ್ರಿ ಅಡಿಕೆ ಗೋಣಿಗಳ ಪಕ್ಕದಲ್ಲಿ ಚಾರ್ಜಿಗಿಟ್ಟು ಮಲಗುವವರು, ಅದರೊಳಗೆ ಅಡಗಿರುವ ಶಕ್ತಿಯ ಸ್ವರೂಪವನ್ನೂ ಅರಿತಿರುವುದು ಅವಶ್ಯ.

18 ವೋಲ್ಟಿನ ಬ್ಯಾಟರಿಯೊಂದರಲ್ಲಿ ಸಾಮಾನ್ಯವಾಗಿ 18 ಮಿಲಿಮೀಟರ್ ವ್ಯಾಸದ, 65 ಮಿಲಿಮೀಟರ್ ಉದ್ದದ ಐದು ಲಿಥಿಯಂ-ಅಯಾನ್ ಕೋಶಗಳು ಸರಣಿಯಾಗಿ ಜೋಡಣೆಗೊಂಡಿರುತ್ತವೆ. ಪ್ರತಿಯೊಂದು ಕೋಶದಲ್ಲಿಯೂ ಲೋಹದ ಆಕ್ಸೈಡನ್ನು ಲೇಪಿಸಿದ ಅಲ್ಯೂಮಿನಿಯಂ ಹಾಳೆ, ಗ್ರಾಫೈಟನ್ನು ಲೇಪಿಸಿದ ತಾಮ್ರದ ಹಾಳೆ, ಇವೆರಡೂ ಪರಸ್ಪರ ಸೋಂಕದಂತೆ ನಡುವೆ ತಲೆಗೂದಲಿಗಿಂತಲೂ ತೆಳುವಾದ, ಸೂಕ್ಷ್ಮರಂಧ್ರಗಳುಳ್ಳ ಪ್ಲಾಸ್ಟಿಕ್ ಪೊರೆ, ಹೀಗೆ ಎಲ್ಲವನ್ನೂ ಒತ್ತಾಗಿ ಸುರುಳಿ ಸುತ್ತಿ, ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣದಲ್ಲಿ ತೋಯಿಸಿರುತ್ತಾರೆ. 1991ರಲ್ಲಿ ಜಪಾನಿನ ಸೋನಿ ಕಂಪೆನಿಯು ಮಾರುಕಟ್ಟೆಗೆ ತಂದ, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕವನ್ನು ದೊರಕಿಸಿದ ಈ ರಚನೆಯ ಕ್ಷೇಮವು ಬಹುಮಟ್ಟಿಗೆ ಆ ಪೊರೆಯನ್ನೇ ಅವಲಂಬಿಸಿದೆ.

ಯಂತ್ರವು ಕೈಜಾರಿ ಬಿದ್ದು ಕೋಶವು ಜಜ್ಜಿಹೋದುದರಿಂದಾಗಲಿ, ತಯಾರಿಕೆಯ ವೇಳೆ ಲೋಹದ ಕಣವೊಂದು ಒಳಸೇರಿದುದರಿಂದಾಗಲಿ, ಮಿತಿಮೀರಿ ಚಾರ್ಜಾದುದರಿಂದಾಗಲಿ ಆ ಪೊರೆಗೆ ಊನವೊದಗಿದರೆ, ಕೋಶದೊಳಗೇ ಶಾರ್ಟ್ ಸರ್ಕ್ಯೂಟ್ ಸಂಭವಿಸಿ ಶಾಖವು ಏರತೊಡಗುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಲಿಎಥಿಲೀನಿನ ಪೊರೆಯೇ ಕರಗುತ್ತದೆ. ಇನ್ನೂ ಕಾದರೆ ಆಕ್ಸೈಡು ತನ್ನಲ್ಲಿರುವ ಆಮ್ಲಜನಕವನ್ನು ಹೊರಬಿಡುತ್ತದೆ. ಇಂಧನವೂ ಆಮ್ಲಜನಕವೂ ಶಾಖವೂ ಒಂದೇ ಕೊಳವೆಯಲ್ಲಿ ಕೂಡಿದ ಬಳಿಕ, ಸೋಗೆಯ ಮಾಡಿನ ಮೂಲೆಗೆ ತಗಲಿದ ಕಿಚ್ಚು ಮಾಡನ್ನೆಲ್ಲ ಆವರಿಸುವಂತೆ, ಒಂದು ಕೋಶದ ಉರಿಯು ನೆರೆಯ ಕೋಶಗಳಿಗೆ ಹಬ್ಬುತ್ತದೆ. ಗಾಳಿಯನ್ನು ತಡೆದ ಮಾತ್ರಕ್ಕೆ ಈ ಬೆಂಕಿಯು ನಂದುವುದಿಲ್ಲ. ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡೆಂಬ ವಿಷಾನಿಲವೂ ಇರುತ್ತದೆ. 2016ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯು ತನ್ನ ನೋಟ್ 7 ಎಂಬ ಫೋನನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಬೇಕಾದುದಕ್ಕೆ ಬ್ಯಾಟರಿಯೊಳಗಿನ ಇಂತಹ ದೋಷವೇ ಕಾರಣವಾಯಿತು.

ನಮ್ಮ ತೋಟದ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಚಾರ್ಜರುಗಳ ಅದಲುಬದಲು. ಬೆನ್ನಿಗೆ ಹೊರುವ ಸ್ಪ್ರೇಯರುಗಳಲ್ಲಿ ಕೆಲವಕ್ಕೆ ಸೀಸದ ಬ್ಯಾಟರಿ, ಕೆಲವಕ್ಕೆ ಲಿಥಿಯಂ ಬ್ಯಾಟರಿ. ಎರಡನ್ನೂ 12 ವೋಲ್ಟಿನದೆಂದೇ ಕರೆಯುವರು, ಒಂದರ ಪಿನ್ನು ಇನ್ನೊಂದರ ತೂತಿಗೆ ಹೊಂದುವುದೂ ಉಂಟು. ಮೂರು ಲಿಥಿಯಂ ಕೋಶಗಳ ಬ್ಯಾಟರಿಯು 12.6 ವೋಲ್ಟಿಗೆ, ಎಂದರೆ ಕೋಶವೊಂದಕ್ಕೆ 4.2 ವೋಲ್ಟಿಗೆ, ಪೂರ್ಣವಾಗುತ್ತದೆ. ಸೀಸದ ಬ್ಯಾಟರಿಯ ಚಾರ್ಜರಾದರೋ ಸುಮಾರು 14.4 ವೋಲ್ಟಿನವರೆಗೆ ಏರುವುದರಿಂದ, ಕೋಶವೊಂದರ ಪಾಲಿಗೆ 4.8 ವೋಲ್ಟು ಬರುತ್ತದೆ. ಉತ್ತಮ ಬ್ಯಾಟರಿಯಲ್ಲಿರುವ ರಕ್ಷಣಾ ಸರ್ಕ್ಯೂಟು ಆಗ ವಿದ್ಯುತ್ತನ್ನು ಕಡಿದುಹಾಕುತ್ತದೆ. ಅಗ್ಗದ ಡೂಪ್ಲಿಕೇಟ್ ಬ್ಯಾಟರಿಯಲ್ಲಿ ಅದು ಇದ್ದೇ ಇರುವುದೆಂಬ ಭರವಸೆಯಿಲ್ಲ, ಇದ್ದರೂ ಮಳೆಗಾಲದ ತೇವ ಹೊಕ್ಕು ಕಿಲುಬು ಹಿಡಿದಿರಬಹುದು.

ಸುಳ್ಯದಿಂದ ಅಗ್ನಿಶಾಮಕ ವಾಹನವು ತಿರುವುದಾರಿಗಳನ್ನು ಕ್ರಮಿಸಿ ಬರುವಷ್ಟರಲ್ಲಿ ಒಣ ಅಡಿಕೆ ತುಂಬಿದ ಅಟ್ಟವು ಉಳಿಯುವುದು ಕಷ್ಟವಾದ ಕಾರಣ, ಮುಂಜಾಗ್ರತೆಯೇ ಇಲ್ಲಿ ನಿಜವಾದ ರಕ್ಷಣೆ. ಬ್ಯಾಟರಿಯನ್ನು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 16046ರ ಗುರುತನ್ನು ನೋಡಿರಿ. ಯಂತ್ರದೊಡನೆ ಬಂದ ಚಾರ್ಜರನ್ನೇ ಉಪಯೋಗಿಸಿರಿ. ಅಟ್ಟದ ಮೇಲಾಗಲಿ ಪೆಟ್ರೋಲ್ ಕ್ಯಾನಿನ ಬಳಿಯಾಗಲಿ ಅಲ್ಲ, ಮಳೆ ಬೀಳದ ಜಗಲಿಯ ಬರಿಯ ಸಿಮೆಂಟಿನ ನೆಲದ ಮೇಲೆ ಚಾರ್ಜಿಗಿಡಿರಿ. ಉಬ್ಬಿದ, ಒಡೆದ, ನೀರು ಹೊಕ್ಕ ಬ್ಯಾಟರಿಯನ್ನು ಪುನಃ ಬಳಸಬೇಡಿರಿ, ಗೊಬ್ಬರದ ಗುಂಡಿಗೂ ಎಸೆಯಬೇಡಿರಿ. ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿರುವುದರಿಂದ, ಅದನ್ನು ಮಾರಿದ ಅಂಗಡಿಯವರಲ್ಲಿಯೇ ವಿಚಾರಿಸಿರಿ. ಹೊಗೆ ಕಂಡರೆ ಮೊದಲು ಮನೆಮಂದಿಯನ್ನು ಹೊರಗೆ ಕಳುಹಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಚಾರ್ಜನ್ನು ಎಚ್ಚರವಿರುವ ಹೊತ್ತಿನಲ್ಲಿಯೇ ಮಾಡಿ, ಮಲಗುವ ಮುನ್ನ ಪ್ಲಗ್ಗನ್ನು ತೆಗೆದಿಡುವ ಪದ್ಧತಿಯನ್ನು ಪ್ರತಿಯೊಂದು ಮನೆಯವರೂ ಇಂದಿನಿಂದಲೇ ರೂಢಿಸಿಕೊಳ್ಳಬೇಕು.